ನಮ್ಮ ಬಿಳೀ ಅಂಬಾಸಿಡರಿನ ನಾಕು ಪದರ

ಹೋದ ಐತವಾರ ಸೇಡಂದಿಂದ ನನ್ನ ತಂಗಿ ಮಗಳು ಫೋನ್ ಮಾಡಿದ್ಲು. "ದೊಡ್ಡವ್ವಾ, ನಮ್ಮತ್ತಿಯೋರ ಹಳೀ ಮಾರುತಿ ಮ್ಯಾಲ ಬಿಳೀ ಚುಕ್ಕಿ ಕುಂತಾವ, ಎಷ್ಟು ತಿಕ್ಕಿದ್ರೂ ಹೋಗವಲ್ಲವು. ನಿಮ್ಮ ಅಂಬಾಸಿಡರ್ ನಲವತ್ತೈದು ವರ್ಷ ದಾಟಿದ್ರೂ ಹೊಳೀತದಲ್ಲ, ಅದಕ್ಕ ಏನ್ ಹಚ್ತೀರಿ?" ಅಂದ್ಲು. "ಮೊದಲ ತಿಕ್ಕೋದು ಬಿಡವ್ವ" ಅಂದೆ. ಉಳದದ್ದು ಫೋನಿನಾಗ ಹೇಳೋವಷ್ಟು ಸಣ್ಣದಲ್ಲ. ಅದಕ್ಕ ಇಲ್ಲಿ ಬರೀಲಿಕತ್ತೀನಿ. ಶಹಾಬಾದ, ವಾಡಿ, ಚಿತ್ತಾಪುರ ಕಡಿ ನಮ್ಮ ಹೆಣ್ಮಕ್ಕಳ ಮನಿ ಮುಂದ ಹಳೀ ಗಾಡಿ ಭಾಳ ಅವ, ಎಲ್ಲಾರಿಗೂ ಉಪಯೋಗ ಬೀಳಬಹುದು.

ತಿಕ್ಕೋದು ಬಿಡು ಅಂತ ನಾ ಹೇಳೋದಕ್ಕ ಕಾರಣ ಅದ. 1991ರಾಗ ನಾ ಈ ಮನಿಗೆ ಸೊಸಿಯಾಗಿ ಬಂದೆ. ಬಂದು ತಿಂಗಳಾಗಿತ್ತೋ ಇಲ್ಲೋ, ಮಾವನೋರು ಊರಾಗ ಇಲ್ಲದ ದಿನ ನೋಡಿ, ಅವರು ಬರೋದ್ರಾಗ ಗಾಡಿ ಬೆಳ್ಳಗ ಮಾಡಿ ತೋರಸ್ಬೇಕು ಅಂತ ಕುಳ್ಳಿನ ಬೂದಿ, ತೆಂಗಿನ ನಾರು ತಗೊಂಡು ಬಾನೆಟ್ ತಿಕ್ಕಿದೆ. ತವರುಮನ್ಯಾಗ ಬೋಗಾಣಿ, ಕೊಡ ತಿಕ್ಕಿ ರೂಢಿ ಆದ ಕೈ. ಹಸಿ ಇದ್ದಾಗ ಚಂದ ಕಂಡ್ತು. ಒಣಗಿದ ಮ್ಯಾಲ ನೋಡಿದ್ರ, ಬಿಸಲಾಗ ಜೇಡರ ಬಲಿ ಹೊಳದಂಗ ಬಾನೆಟ್ ತುಂಬ ಗೀರು! ಮಾವನೋರು ಬಂದು ನೋಡಿದ್ರು, ಏನೂ ಅನ್ನಲಿಲ್ಲ. ಎರಡು ದಿನ ಕುಂತು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಗೀರು ತಗದ್ರು. ಅತ್ತಿ ಮಾತ್ರ ಅಂದ್ರು: "ಗಾಡಿ ಬೋಗಾಣಿ ಅಲ್ಲವ್ವ, ಅದಕ್ಕ ಚರ್ಮ ಅದ."

ಆ ಚರ್ಮದ್ದೂ ಒಂದು ಇತಿಹಾಸ ಅದ. ನಮ್ಮ ಕಡಿ ಹಳೀ ಪೇಂಟರುಗಳು ಇವತ್ತಿಗೂ "ಡ್ಯೂಕೋ ಹೊಡೀತೀನಿ" ಅಂತಾರಲ್ಲ, ಅದು ಬಣ್ಣದ ಹೆಸರಲ್ಲ, ಅಮೇರಿಕದ ಡ್ಯೂಪಾಂಟ್ ಕಂಪನಿ ಮಾಲಿನ ಹೆಸರು. ಮೋಟಾರು ಹುಟ್ಟಿದ ಹೊಸದಾಗ ಅದಕ್ಕ ಕುದುರಿ ಸಾರೋಟಿಗೆ ಹಚ್ಚಿದಂಗ ಬ್ರಶ್‌ಲೆ ವಾರ್ನಿಶ್ ಹಚ್ತಿದ್ರು. ಒಂದು ಪದರ ಒಣಗಬೇಕು, ತಿಕ್ಕಬೇಕು, ಮತ್ತೊಂದು ಹಚ್ಚಬೇಕು. ಒಂದು ಗಾಡಿ ಹೊರಗ ಬರ್ಲಿಕ್ಕೆ ವಾರಗಟ್ಟಲೆ ಹಿಡೀತಿತ್ತು. 1920ರ ದಶಕದಾಗ ಡ್ಯೂಕೋ ಬಂದ ಮ್ಯಾಲ ಮಷೀನಿಲೆ ಸಿಂಪಡ್ಸಿದ್ರ ತಾಸಿನ ಲೆಕ್ಕದಾಗ ಒಣಗಲಿಕ್ಕತ್ತು. ಸಿನಿಮಾ ರೀಲು ಮಾಡ್ತಿದ್ದ ಜಾತಿಯದೇ ಸಾಮಾನು ಅದು, ನೈಟ್ರೋಸೆಲ್ಯುಲೋಸ್. ಹಳೀ ಅಂಬಾಸಿಡರು, ಫಿಯಾಟಿನ ಬಣ್ಣಕ್ಕ ಈಗಿನ ಗಾಡಿಗಿದ್ದಂಗ ಮ್ಯಾಲೊಂದು ಪಾರದರ್ಶಕ ಪದರ ಇರೂದಿಲ್ಲ. ತಿಕ್ಕಿದ್ರ ಅರಿವಿಗೆ ಬಣ್ಣಾನೇ ಹತ್ತಿ ಬರ್ತದ. ಅದಕ್ಕೇ ಕಾಂಪೌಂಡ್ ಹಚ್ಚಿ ನನ್ನ ಗೀರು ತಗೀಲಿಕ್ಕೆ ಆಯ್ತು, ಖರೇ. ಆದ್ರ ಹಂಗ ತಗದಾಗೆಲ್ಲಾ ಚರ್ಮ ತೆಳ್ಳಗಾಗ್ತದ. ನಾಕು ಸಲ ಹೊಳಪು ಮಾಡಿದ್ರ ಐದನೇದ್ದಕ್ಕ ಕೆಳಗಿನ ಪ್ರೈಮರ್ ಇಣಕಿ ನೋಡ್ತದ.

ನಮ್ಮ ಭಾಗ 1956ರ ತನಕ ಹೈದ್ರಾಬಾದ್ ರಾಜ್ಯದಾಗ ಇತ್ತು, ನಿಮಗೆಲ್ಲಾ ಗೊತ್ತದ. ಮೋಟಾರು ಅಂದ್ರ ಆವಾಗ ನಿಜಾಮರ ಮಾತು. ಚೌಮಹಲ್ಲಾ ಅರಮನಿಗೆ ಹೋದ್ರ 1912ರ ಹಳದೀ ರೋಲ್ಸ್ ರಾಯ್ಸ್ ಇಟ್ಟಾರ, ನೋಡಿ ಬರ್ರಿ. ಓಡಿದ್ದು ಭಾಳ ಕಡಿಮಿ, ಅದಕ್ಕ ಅದರ ಹೊಳಪು ಉಳಿಯೋದು ದೊಡ್ಡ ಮಾತಲ್ಲ ಅನ್ನೋದು ನನ್ನ ಅಂಬೋಣ. ನಮ್ಮಂಥೋರ ಮನಿ ಬಾಗಲಿಗೆ ಮೋಟಾರು ಬಂದದ್ದು ಅಂಬಾಸಿಡರ್ ಕಾಲಕ್ಕ. ಹಿಂದೂಸ್ತಾನ್ ಮೋಟರ್ಸ್‌ನೋರು ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿ ಅಚ್ಚು ತಂದು, ಕಲ್ಕತ್ತಾ ಹತ್ರದ ಉತ್ತರಪಾರಾದಾಗ 1957ರಿಂದ ಮಾಡ್ಲಿಕತ್ತಿದ್ರು. 2014ರ ಮೇ ತನಕ ನಡೀತು. ಆ ಕಾಲದಾಗ ರೊಕ್ಕ ಕಟ್ಟಿ ವರ್ಷಗಟ್ಟಲೆ ಕಾಯ್ಬೇಕಿತ್ತು. ಹಂಗಾಗಿ ಬಂದ ಗಾಡಿ ಮಾರೂದಿಲ್ಲ, ಬಣ್ಣ ಹೋದ್ರ ಮತ್ತ ಹೊಡಸೋದು, ಸೀಟು ಹರದ್ರ ಮತ್ತ ಹೊಲಸೋದು. ಮಾವನೋರು 1984ರಾಗ ಹೈದ್ರಾಬಾದಿನಾಗ ಕೊಂಡದ್ದು 1977ರ ಮಾರ್ಕ್ 3, ಹಳೀ ಗಾಡೀನೇ. ಹಿಂದಿನ ವರ್ಷನೇ, 1983ರ ಡಿಸೆಂಬರಿನಾಗ, ಮಾರುತಿ 800 ಬಂದಿತ್ತು. "ಅದು ಸಾಬೂನಿನ ಡಬ್ಬಿ" ಅಂದು ಬಿಟ್ರು ಮಾವನೋರು. ತಂಗಿ ಮಗಳು ಇದನ್ನ ಓದಿದ್ರ ಸಿಟ್ಟಾಗಬ್ಯಾಡ.

ಈಗ ನಮ್ಮ ನೆಲದ ಮಾತು. ಮಾವನೋರದು ಪರ್ಸಿ ವ್ಯಾಪಾರ. ಶಹಾಬಾದ ಕಲ್ಲು ಅಂತ ಊರೂರಿಗೆ ಹೋಗೋ ಆ ಹಾಸುಗಲ್ಲು ನಮಗ ಅನ್ನ ಹಾಕಿದ್ದು. ಅದೇ ಕಲ್ಲಿನ ಹಿಟ್ಟೇ ನಮ್ಮ ಗಾಡಿ ಬಣ್ಣ ತಿಂದದ್ದು. ಇದಕ್ಕ ಯಾರನ್ನ ಬೈಯೋದು? ಕಲ್ಲು ಕೊಯ್ಯೋ ಧೂಳು, ರಸ್ತಾದ ಮ್ಯಾಲ ಲಾರಿ ಎಬ್ಬಸೋ ಸಿಮೆಂಟಿನ ಧೂಳು, ಎರಡೂ ಕೂಡಿ ರಾತ್ರಿ ಗಾಡಿ ಮ್ಯಾಲ ಕುಂಡ್ರತಾವ. ಕಲ್ಲಿನ ಹಿಟ್ಟು ಬರೇ ಗೀರು ಹಾಕ್ತದ. ಸಿಮೆಂಟು ಹಂಗಲ್ಲ. ನಸುಕಿನ ಮಂಜು ಬಿದ್ದ ಕೂಡಲೇ ಅದು ಸುಣ್ಣದಂಗ ಖಾರ ಆಗಿ ಬಣ್ಣ ಕಚ್ಚತದ, ಬಿಸಲು ಬಿದ್ರ ಕಲ್ಲಾಗ್ತದ. ಅದಕ್ಕ ನಮ್ಮನ್ಯಾಗ ಕಾಯ್ದೆ ಏನಂದ್ರ, ಒಣ ಅರಿವಿ ಗಾಡಿಗೆ ಮುಟ್ಟಸಬಾರ್ದು. ಮೊದಲ ಧಾರಾಳ ನೀರು ಸುರೀಬೇಕು, ಧೂಳು ತಾನೇ ಹರದು ಹೋಗಬೇಕು, ಆಮ್ಯಾಲ ಮೆತ್ತನ್ನ ಅರಿವಿ. ಮಾವನೋರ ಹಳೀ ಧೋತರಕ್ಕಿಂತ ಚಲೋ ಅರಿವಿ ಈ ಕೆಲಸಕ್ಕ ಇಲ್ಲ. ಅಂಗಿ ಹರದು ಮಾಡಿದ್ರ ಗುಂಡಿ ಕಿತ್ತು ಹಾಕ್ರಿ.

ಇನ್ನ ತಂಗಿ ಮಗಳ ಬಿಳೀ ಚುಕ್ಕಿ. ಅದು ಧೂಳಲ್ಲ, ನೀರು. ಸುಣ್ಣದ ಕಲ್ಲಿನ ನೆಲ ನಮ್ಮದು, ಬೋರಿನ ನೀರು ಗಡಸು. ಚಹಾ ಬೋಗಾಣಿ ತಳಕ್ಕ ಬೆಳ್ಳನ್ನ ಪದರ ಕಟ್ತದಲ್ಲ, ಅದೇ ಇದು. ಮೇ ತಿಂಗಳ 42 ಡಿಗ್ರಿ ಬಿಸಲಿಗೆ ಕಾದ ಬಾನೆಟ್ ಮ್ಯಾಲ ನೀರು ಹಾಕಿ ಒರಸದಂಗ ಬಿಟ್ರ ನೀರು ಆರಿ ಸುಣ್ಣ ಉಳೀತದ. ನೆರಳಿನಾಗ ನಿಲ್ಲಸಿ, ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಕೂಡಿಸಿ, ಅರಿವಿ ತೋಯಿಸಿ ಚುಕ್ಕಿ ಮ್ಯಾಲ ಅರ್ಧ ನಿಮಿಷ ಇಟ್ಟು, ಚೆಂದಗ ತೊಳೀರಿ. ತಿಂಗಳಾನುಗಟ್ಟಲೆ ಬಿಟ್ಟ ಚುಕ್ಕಿ ಬಣ್ಣದೊಳಗೇ ಇಳದಿರ್ತದ, ಅದು ವಿನೆಗರಿಗೂ ಬಗ್ಗೂದಿಲ್ಲ. ಹೋತು ಇಲ್ಲೋ ಅನ್ನೋದು ಕಣ್ಣಿಗೆ ಗೊತ್ತಾಗೂದಿಲ್ಲ. ತೆಳು ಪ್ಲಾಸ್ಟಿಕ್ ಚೀಲ ಕೈಗೆ ಹಾಕ್ಕೊಂಡು ತೊಳದ ಬಾನೆಟ್ ಮ್ಯಾಲ ಆಡಸ್ರಿ, ಇನ್ನ ಕೂತ ಕಣ ಇದ್ರ ರವಾ ಸವರಿದಂಗ ಆಗ್ತದ.

ಅತ್ತಿಯೋರ ಕೈವಾಡ ಎಲ್ಲಾ ಬಂಪರಿನ ಮ್ಯಾಲ. ಕ್ರೋಮಿನ ಬಂಪರಿಗೆ ಜಂಗು ಹಿಡದ್ರ ಮಾವನೋರ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಕೂಡಸಿಟ್ಟು, ನೀರಾಗ ಅದ್ದಿ ಮೆತ್ತಗ ತಿಕ್ಕತಿದ್ರು. ಆ ಕಾಗದ ಅಲ್ಯುಮಿನಿಯಂದು, ಕ್ರೋಮಿಗಿಂತ ಮೆತ್ತಗ. ಜಂಗು ಬಿಡ್ತದ, ಹೊಳಪು ಉಳೀತದ. ಈಗ ಚಪಾತಿ ಸುತ್ತೋ ಫಾಯಿಲ್ ಸಾಕು, ಸಿಗರೇಟ್ ಬ್ಯಾಡ. ಹುಣಚಿಹಣ್ಣಿನ ನೀರೂ ನಡೀತದ, ತೊಳೀಲಾರದೇ ಬಿಡಬಾರ್ದು ಅಷ್ಟೇ. ಬಾಗಲದ ರಬ್ಬರಿಗೆ ಔಷಧಿ ಅಂಗಡಿ ಗ್ಲಿಸರಿನ್ ಹಚ್ಚತಿದ್ರು. ವಾಡಿ ಸ್ಟೇಷನ್ ಮುಂದ ಡ್ರೈವರುಗಳು ಗಾಡಿಗೆ ಡೀಸೆಲ್ ಒರಸಿ ಮಿಂಚಸ್ತಿದ್ರು. ಚಿತ್ತಾಪುರ ಮುಟ್ಟೋದ್ರಾಗ ಆ ಎಣ್ಣಿ ಮ್ಯಾಲ ಊರ ಧೂಳೆಲ್ಲಾ ಅಂಟಿ ಹಪ್ಪಳ ಆಗಿರ್ತಿತ್ತು. ಖಂಡೆ ಪೂಜಿ ದಿನದ ಅರಿಷಿಣ ಕುಂಕುಮ ಮರುದಿನನೇ ತೊಳೀರಿ, ಬಿಳೀ ಬಣ್ಣಕ್ಕ ಅರಿಷಿಣ ಹತ್ತಿದ್ರ ದೀಪಾವಳಿ ತನಕ ಕಾಣ್ತದ.

ಮಣ್ಣೂ ಊರಿಗೊಂದು ಥರ. ನಮ್ಮ ನಾದಿನಿ ಚಿಂಚೋಳಿಗೆ ಕೊಟ್ಟೀವಿ. ಅಲ್ಲಿಂದ ಬಂದ ಗಾಡಿ ಕೆಂಪು ಮಣ್ಣಿನಿಂದ ಕೆಂಪಾಗಿ ಬರ್ತದ, ನೋಡ್ಲಿಕ್ಕೆ ಕೆಟ್ಟ, ಆದ್ರ ತೊಳದ್ರ ಹೋಗ್ತದ. ಸೇಡಂ, ಚಿತ್ತಾಪುರದ ಎರಿ ಮಣ್ಣು ಕಾಣೂದಿಲ್ಲ, ಗಾಲಿ ಮ್ಯಾಲಿನ ತಗಡಿನೊಳಗ ಹೋಗಿ ಮೆತ್ತಕೊಂಡು ತಿಂಗಳುಗಟ್ಟಲೆ ಹಸಿ ಹಿಡದು ಕುಂಡ್ರತದ. ಜಂಗು ಹುಟ್ಟೋದು ಅಲ್ಲೇ. ಬಾಗಲದ ಕೆಳಗಿನ ಅಂಚಿಗೆ ನೀರು ಹೋಗ್ಲಿಕ್ಕೆ ಸಣ್ಣ ತೂತು ಇರ್ತಾವ, ಧೂಳು ಕೂತು ಅವು ಮುಚ್ಚಿದ್ರ ಬಾಗಲ ಒಳಗಿಂದ ಕೊಳೀತದ. ಅತ್ತಿ ತಮ್ಮ ತಲಿಯಿಂದ ಹೇರ್‌ಪಿನ್ ತಗದು ಆ ತೂತು ಬಿಡಸ್ತಿದ್ರು. ಮಳಿಗಾಲ ಶುರು ಆಗೋಕಿಂತ ಮೊದಲ ನಾನೂ ಮಾಡ್ತೀನಿ.

ಒಂದು ವರ್ಷ ಮಾಡಲಿಲ್ಲ, ಅದರ ಫಲ 2004ರಾಗ ಉಂಡೆವು. ಎರಡೂ ಬಾಗಲದ ತಳ ಜಂಗು ತಿಂದಿತ್ತು. ಒಬ್ಬ ಪೇಂಟರ್ ಕಡಿಮಿ ರೊಕ್ಕಕ್ಕ ಮಾಡ್ಕೊಡ್ತೀನಿ ಅಂದ. ಜಂಗು ಕತ್ತರಸಲಿಲ್ಲ, ಅದರ ಮ್ಯಾಲೇ ಹೋಳಗಿ ಹೂರಣ ತುಂಬಿದಂಗ ಪುಟ್ಟಿ ತುಂಬಿ ಬಿಳೀ ಬಣ್ಣ ಹೊಡದು ಕೊಟ್ಟ. ಎರಡು ಮಳಿಗಾಲ ತಡೀತು. ಮೂರನೇದ್ದಕ್ಕ ಬಾಗಲ ಹಾಕಿದ್ರ ಪುಟ್ಟಿ ಹೆಂಟಿ ಹೆಂಟಿ ಕೆಳಗ! ಆಮ್ಯಾಲ ಗೊತ್ತಾಯ್ತು, ಪುಟ್ಟಿ ಎಷ್ಟದ ಅಂತ ನೋಡ್ಲಿಕ್ಕೆ ಫ್ರಿಜ್ಜಿನ ಅಯಸ್ಕಾಂತ ಸಾಕು. ತೆಳು ಅರಿವಿಯಾಗ ಸುತ್ತಿ ಬಾಗಲಿಗೆ ಹಿಡೀರಿ. ತಗಡಿದ್ದಲ್ಲಿ ಹಿಡೀತದ, ಪುಟ್ಟಿ ದಪ್ಪ ಇದ್ದಲ್ಲಿ ಜಾರಿ ಬೀಳ್ತದ. ಹಳೀ ಗಾಡಿ ಕೊಳ್ಳೋರು ಇದೊಂದು ಕೈಯಾಗ ಹಿಡ್ಕೊಂಡೇ ಹೋಗ್ರಿ. ಖರೇ ಕೆಲಸ ಹ್ಯಾಂಗಂದ್ರ, ಕೊಳತ ತಗಡು ಕತ್ತರಸಿ ಹೊಸ ತಗಡು ಬೆಸಿಗಿ ಹಾಕಬೇಕು, ರೆಡ್ ಆಕ್ಸೈಡ್ ಹಚ್ಚಬೇಕು, ಪುಟ್ಟಿ ಮ್ಯಾಲ ಮ್ಯಾಲ ಹಚ್ಚಿ ವಾಟರ್ ಪೇಪರಿಲೆ ಸವರಬೇಕು, ಆಮ್ಯಾಲ ಬಣ್ಣ. ಟಿಂಕರ್ ಅಂದ್ರ ಇಂಗ್ಲಿಷಿನಾಗ ಮೊದಲ ಅರ್ಥ ಊರೂರು ತಿರಗಿ ಪಾತ್ರಿ ರಿಪೇರಿ ಮಾಡವ ಅಂತ. ನಮ್ಮ ಓಣಿಗೆ ಕಲಾಯಿ ಹಾಕ್ಲಿಕ್ಕೆ ಬರ್ತಿದ್ದೋರ ಕೆಲಸದಂಥದೇ.

2022ರಾಗ ಆರ್.ಸಿ. ನವೀಕರಣ ಬಂತು. ಹದಿನೈದು ವರ್ಷದ ಮ್ಯಾಲ ಐದೈದು ವರ್ಷಕ್ಕ ಗಾಡಿ ತೋರಸ್ಬೇಕಲ್ಲ. ನಮ್ಮ ಮಗ ಬೆಂಗಳೂರಿನಿಂದ ಬಂದು, ಈ ಸಲ ಪೂರ್ತಿ ಹಸನ ಮಾಡಸೋಣು ಅಂದ. ಕಲಬುರಗಿಯಾಗ ಒಬ್ಬ ವಯಸ್ಸಾದ ಟಿಂಕರ್ ಕಡಿ ಬಿಟ್ಟೆವು. ನಡುವ ಒಂದಿನ ಅತ್ತಿನ್ನ ಕರ್ಕೊಂಡು ನೋಡ್ಲಿಕ್ಕೆ ಹೋದೆ. ಅವ ಬಾಗಲದ ಹತ್ರ ನೀರು ಹಚ್ಚಿ ಸವರಿದ್ದ. ಉಳ್ಳಾಗಡ್ಡಿ ಕೊಯ್ದಂಗ ಸುತ್ತಿಗೊಂದು ಸುತ್ತು ಬಣ್ಣ ಕಾಣ್ತಿದ್ದವು. ಮ್ಯಾಲ ಬಿಳೀ, ಅದರೊಳಗ ಆಕಾಶ ನೀಲಿ, ಅದರೊಳಗ ಕೆನಿ ಬಣ್ಣ, ನಟ್ಟನಡುವ ಮತ್ತ ಬಿಳೀ. ಅತ್ತಿ ಬಗ್ಗಿ ಬಟ್ಟ ಇಟ್ಟು ಹೇಳ್ತಾ ಹೋದ್ರು. ನಡುವಿನ ಬಿಳೀ ಕಂಪನಿದು. ಕೆನಿ ಬಣ್ಣ 1986ರಾಗ ನಾದಿನಿ ಮದಿವಿಗೆ ಹೊಡಸಿದ್ದು. ನೀಲಿಗೆ ಬಂದಾಗ ಸುಮ್ಮನಾದ್ರು.

ನೀಲಿ ಬಣ್ಣ 1994ರದು, ಕಿಲ್ಲಾರಿ ಭೂಕಂಪದ ಮುಂದಿನ ವರ್ಷ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ರಾತ್ರಿ, ನಾಕು ಹೊಡಿಯೋ ಹೊತ್ತಿಗೆ ನೆಲ ನಡಗಿತು. ಅಂಗಳದ ಗ್ವಾಡಿ ಮ್ಯಾಲಿನ ಪರ್ಸಿ ಒಂದು ಜಾರಿ ಗಾಡಿ ಛತ್ತಿನ ಮ್ಯಾಲ ಬಿದ್ದು ತಗ್ಗು ಮಾಡ್ತು. ನಮ್ಮ ಮನೀದು ಪರ್ಸಿ ಛತ್ತು. ಕಿಲ್ಲಾರಿ ಕಡಿ ಕಲ್ಲಿನ ಮನಿ ಕೆಳಗ ಸಿಕ್ಕೋರ ಸುದ್ದಿ ಬಂದ ಮ್ಯಾಲ ಒಳಗ ಮಲಗ್ಲಿಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಎಂಟು ದಿನ ಗಾಡಿನ್ನ ಗ್ವಾಡಿ ಬಿಟ್ಟು ಬಯಲಿಗೆ ನಿಲ್ಲಸಿದ್ವಿ. ನಾನೂ ನನ್ನ ಒಂದೂವರಿ ವರ್ಷದ ಕೂಸೂ ಹಿಂದಿನ ಸೀಟಿನಾಗ ಮಲಗಿದ್ವಿ, ಮಾವನೋರು ಹೊರಗ ಕಟ್ಟಿ ಮ್ಯಾಲ ಕುಂತು ಬೆಳಕು ಹರಸ್ತಿದ್ರು. ಮುಂದ ಬಣ್ಣ ಹೊಡಸಿದಾಗ ಛತ್ತಿನ ತಗ್ಗು ಮಾತ್ರ ತಗೀಬ್ಯಾಡ ಅಂದ್ರು. ಯಾಕಂತ ಹೇಳಲಿಲ್ಲ. 2004ರಾಗೂ ಬ್ಯಾಡ ಅಂದ್ರು. 2011ರಾಗ ಹೋಗಿಬಿಟ್ರು.

ಈ ಟಿಂಕರ್ ಆ ತಗ್ಗಿನ ಮ್ಯಾಲ ಸೀಸಕಡ್ಡಿಲೆ ಸುತ್ತು ಗೀಚಿ ಇಟ್ಟಿದ್ದ, ಮಗ ಅದನ್ನೂ ಸಪಾಟ ಮಾಡು ಅಂದಿದ್ನಂತ. ಅವನೇ ಆ ಕೂಸು, ಅವನಿಗೇನು ನೆನಪಿರ್ತದ? ಗಾಡಿ ಬೂದಿ ಬಣ್ಣದ ಮೆಟಾಲಿಕ್ ಮಾಡಸೋಣು ಅಂತ ಬ್ಯಾರೆ ಅವನ ಹಟ. ಬಣ್ಣ ಬದಲಾದ್ರ ಆರ್.ಸಿ.ದಾಗ ಬರಸ್ಬೇಕು, ಮಾವನೋರು ಪ್ರತಿ ಸಲ ಬರಸ್ಯಾರ, ಈ ಸಲ ಬಿಳೀನೇ ಇರ್ಲಿ ಅಂತ ನಾ ಕಾಗದದ ನೆವ ಹೇಳಿ ಬಣ್ಣ ಉಳಿಸಿದೆ. ತಗ್ಗಿನ ಮಾತು ಅತ್ತಿನೇ ಆಡಿದ್ರು. ಟಿಂಕರಿಗೆ ಅಂದ್ರು: "ಅಣ್ಣಾ, ಅದರ ಮ್ಯಾಲ ಬಣ್ಣ ಹೊಡಿ, ಬಡದು ಮ್ಯಾಲ ಎಬ್ಬಸಬ್ಯಾಡ." ಅವ ನನ್ನ ಮುಖ ನೋಡಿದ. ಹಂಗೇ ಮಾಡ್ರಿ ಅಂದೆ. ಮಗ ಎರಡು ದಿನ ಮಾತು ಬಿಟ್ಟಿದ್ದ, ಅತ್ತಿ ರಾತ್ರಿ ಕುಂಡ್ರಿಸಿಕೊಂಡು ಎಲ್ಲಾ ಹೇಳಿದ ಮ್ಯಾಲ ಡಿಕ್ಕಿ ಒಳಗೊಂದು ಕೈಯಗಲ ಜಾಗ ಸವರಿದಂಗೇ ಇಡಸಿ, ನಾಕೂ ಸುತ್ತು ಕಾಣೋವಂಗ ಮ್ಯಾಲ ವಾರ್ನಿಶ್ ಹೊಡಸಿದ.

ಒಂದು ತೊಂದ್ರಿ ಅದ. ಮಳಿ ಬಂದ್ರ ಆ ತಗ್ಗಿನಾಗ ಒಂದು ಲೋಟ ನೀರು ನಿಲ್ತದ. ನಿಂತ ನೀರು ಬಿಸಲಿಗೆ ಆರಿದ್ರ ಮತ್ತ ಬಿಳೀ ಚುಕ್ಕಿ, ಚುಕ್ಕಿ ಬಿಟ್ರ ಬಣ್ಣ ಏಳ್ತದ. ಅದಕ್ಕ ಮಳಿ ನಿಂತ ಕೂಡಲೇ ಸ್ಟೂಲ್ ಹಾಕ್ಕೊಂಡು, ಧೋತರದ ತುಂಡಿಲೆ ಒರಸಿ ಬರ್ತೀನಿ. ನಿನ್ನಿ ರಾತ್ರಿನೂ ಎದ್ದಿದ್ದೆ. ಕಿಟಕಿಯಿಂದ ಅತ್ತಿ ಕೇಳಿದ್ರು, "ಒರಸಿದಿ ಏನ?"