ಚಕ್ರಗರಗಸ

ಅಂಚಿನುದ್ದಕ್ಕೂ ಹಲ್ಲು ಅಥವಾ ವಜ್ರದ ಕಣಗಳುಳ್ಳ ಉಕ್ಕಿನ ತಟ್ಟೆಯನ್ನು ವೇಗವಾಗಿ ತಿರುಗಿಸಿ ಮರ, ಲೋಹ, ಕಲ್ಲುಗಳನ್ನು ಕೊಯ್ಯುವ ಸಾಧನ. 1777ರಲ್ಲಿ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ ಇದರ ಪ್ರಸ್ತಾಪ ಬರೀ ಪ್ರಾಸಂಗಿಕವಾಗಿ ಬರುತ್ತದೆ. ಅಷ್ಟರಲ್ಲೇ ಅದು ಬಳಕೆಯಲ್ಲಿದ್ದಿರಬೇಕು. ಅಮೆರಿಕದ ಟ್ಯಾಬಿತಾ ಬ್ಯಾಬಿಟ್ 1813ರಲ್ಲಿ ಇದನ್ನು ಕಂಡುಹಿಡಿದಳೆಂಬುದು ಷೇಕರ್ ಪಂಥದವರ ನಂಬಿಕೆ.

ತಟ್ಟೆಯ ಬಿಗಿ

ಗರಗಸದ ಗುಣ ಹಲ್ಲಿನಲ್ಲಿದೆ ಎಂದು ಭಾವಿಸುವವರೇ ಹೆಚ್ಚು. ನಿಜವಾಗಿ ಅದು ತಟ್ಟೆಯಲ್ಲಿದೆ. ಕೊಯ್ಯುವಾಗ ಅಂಚು ಬಿಸಿಯಾಗಿ ಹಿಗ್ಗುತ್ತದೆ, ನಡುಭಾಗ ತಣ್ಣಗೇ ಉಳಿಯುತ್ತದೆ. ಹಿಗ್ಗಿದ ಅಂಚಿಗೆ ಜಾಗ ಸಾಲದೆ ಅದು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಹಲಗೆಯೂ ಸೊಟ್ಟಗೆ ಬರುತ್ತದೆ. ಅದಕ್ಕಾಗಿ ಪಳಗಿದ ಕೆಲಸಗಾರ ತಟ್ಟೆಯನ್ನು ಅಡಿಗಲ್ಲಿನ ಮೇಲಿಟ್ಟು ನಡುಭಾಗವನ್ನು ಸುತ್ತಿಗೆಯಿಂದ ಹದವಾಗಿ ತಟ್ಟಿ ಮೊದಲೇ ಸಡಿಲಿಸುತ್ತಾನೆ. ನಿಂತಾಗ ತುಸು ಸಡಿಲವೆನಿಸುವ ತಟ್ಟೆ ವೇಗಕ್ಕೆ ಬಂದಾಗ ಬಿಗಿಯಾಗಿ ನೆಟ್ಟಗಾಗುತ್ತದೆ. ಉದ್ದೆಳೆಗೆ ಸೀಳುವ ಹಲ್ಲು ಉಳಿಯಂತೆ, ಅಡ್ಡ ಕತ್ತರಿಸುವ ಹಲ್ಲು ಚೂರಿಯಂತೆ ಇರುತ್ತದೆ. ಉಕ್ಕಿನ ಹಲ್ಲನ್ನು ಅರದಿಂದ ತೀಡಿ ರೂಪಿಸಬಹುದು.

ಮರ

ತಟ್ಟೆ ತನ್ನ ವ್ಯಾಸದ ಅರ್ಧಕ್ಕಿಂತ ಆಳಕ್ಕೆ ಇಳಿಯಲಾರದು. ದಪ್ಪ ತಟ್ಟೆ ಒಂದೊಂದು ಕೊಯ್ತಕ್ಕೆ 5 ಮಿ.ಮೀ. ಮರವನ್ನು ಹೊಟ್ಟಾಗಿಸಿದರೆ, ಹತ್ತು ಕೊಯ್ತಕ್ಕೆ 5 ಸೆಂ.ಮೀ. ಹೋಯಿತು. ಹಾಗಾಗಿ ದೊಡ್ಡ ದಿಮ್ಮಿಗಳನ್ನು ಸೀಳುವ ಕೆಲಸ ಪಟ್ಟಿ ಗರಗಸಕ್ಕೆ ಹೋಗಿ, ರೀಪು, ಚೌಕಟ್ಟುಗಳ ಕೆಲಸ ಇದಕ್ಕೆ ಉಳಿಯಿತು. ಈ ಗರಗಸಗಳನ್ನು ಬಳಸುವ ಸಾಮಿಲ್ಲುಗಳ ಪೈಕಿ ಪರವಾನಗಿಯಿಲ್ಲದವನ್ನು ಮುಚ್ಚಿಸಲು ಭಾರತದ ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶಿಸಿತು.

ಕಲ್ಲು

ಆಂಧ್ರದ ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗದ ಸುತ್ತ ಗ್ರಾನೈಟ್ ಬಂಡೆಯೇ ನೆಲ. ಲೇಪಾಕ್ಷಿಯ ಏಕಶಿಲಾ ನಂದಿ ಉಳಿ ಸುತ್ತಿಗೆಯ ಕಾಲದ್ದು; ಇಂದು ಮಡಕಶಿರಾ ಭಾಗದ ಗ್ರಾನೈಟಿಗೂ ತಾಡಪತ್ರಿಯ ಸುಣ್ಣಕಲ್ಲಿನ ಚಪ್ಪಡಿಗೂ ವಜ್ರದ ಕಣಗಳ ತಟ್ಟೆ ಬೇಕು. ಇದಕ್ಕೆ ಹಲ್ಲಿಲ್ಲ. ಅಂಚಿಗೆ ಬೆಸೆದ ತುಣುಕುಗಳಲ್ಲಿ ಲೋಹದ ಪುಡಿಯ ನಡುವೆ ವಜ್ರದ ಕಣಗಳಿರುತ್ತವೆ; ಲೋಹ ಸವೆದಂತೆ ಹೊಸ ಕಣ ಮೇಲೇಳುತ್ತದೆ. ಗಟ್ಟಿ ಕಲ್ಲಿಗೆ ಮೆದು ಲೋಹವೇ ಸರಿ: ಲೋಹವೂ ಗಟ್ಟಿಯಾದರೆ ಮೊಂಡಾದ ವಜ್ರ ಉದುರದೆ ಅಲ್ಲೇ ಉಳಿದು, ತಟ್ಟೆ ಕೊಯ್ಯುವ ಬದಲು ಬರೀ ಉಜ್ಜುತ್ತದೆ.

ಧಾರೆಯಾಗಿ ಬಿಡುವ ನೀರು ತಟ್ಟೆಯನ್ನು ತಣಿಸುವುದಷ್ಟೇ ಅಲ್ಲ, ಧೂಳನ್ನೂ ಕೂರಿಸುತ್ತದೆ. ಕೈಯಂತ್ರ ಹಿಡಿದು ಗ್ರಾನೈಟನ್ನು ಒಣದಾಗಿ ಕೊಯ್ಯುವಲ್ಲಿ ಆ ರಕ್ಷಣೆಯಿಲ್ಲ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ತರುವ ಸಿಲಿಕೋಸಿಸ್ ಗುಣವಾಗದ ಕಾಯಿಲೆ.