ಗಡಿಕಲ್ಲು ಕಿತ್ತ ಮೇಲೆ

ಬಳ್ಳಾರಿ ಜಿಲ್ಲೆಯ ಮೆಟ್ರಿಯಲ್ಲಿ ಕೂತು ಪ್ರಜಾಪ್ರಭುತ್ವದ ಗಟ್ಟಿತನ ಅಳೆಯಲು ದೂರ ಹೋಗಬೇಕಿಲ್ಲ. ಕಂಪ್ಲಿಯಿಂದ ಸಂಡೂರಿನವರೆಗಿನ ಈ ಸೀಮೆ ಎರಡು ಗಡಿಜಗಳ ಕಂಡಿದೆ. ಒಂದು ಭಾಷೆಯದು, ಇನ್ನೊಂದು ಅದಿರಿನದು. ಕಾನೂನು ಯಾವಾಗ ಬಂತು ಎನ್ನುವುದರಲ್ಲೇ ಎರಡರ ವ್ಯತ್ಯಾಸವಿದೆ.

ಆಂಧ್ರ ರಾಜ್ಯ ಹುಟ್ಟುವಾಗ ಬಳ್ಳಾರಿ ಯಾರಿಗೆ ಎಂಬ ತಕರಾರು ಎದ್ದಿತು. ಕೇಂದ್ರ ಅದನ್ನು ಮೊದಲು ನ್ಯಾಯಮೂರ್ತಿ ವಾಂಛೂ ಅವರಿಗೆ, ಬಳಿಕ ಬಳ್ಳಾರಿ ತಾಲೂಕಿನ ಮಟ್ಟಿಗೆ ಎಲ್.ಎಸ್. ಮಿಶ್ರಾ ಅವರಿಗೆ ಒಪ್ಪಿಸಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಹೊಸಪೇಟೆ, ಸಂಡೂರು, ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದವು. ವಿಲೀನ ಸಮಾರಂಭದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಬಾಂಬಿಗೆ ಬಲಿಯಾದರು. ಆ ಸಾವಿನ ನಂತರವೂ ಬೀದಿ ತೀರ್ಪು ಕೊಡಲಿಲ್ಲ. ಗೊಣಗಿದವರೂ ಗೆರೆಯನ್ನು ಒಪ್ಪಿ ಬಾಳಿದರು.

ಅದಿರಿನ ಕಥೆ ಬೇರೆ. ಕಾಯ್ದಿರಿಸಿದ್ದ 11,620 ಚದರ ಕಿ.ಮೀ. ಪ್ರದೇಶವನ್ನು ರಾಜ್ಯ ಸರ್ಕಾರ 2003ರಲ್ಲಿ ಖಾಸಗಿ ಗಣಿಗಾರಿಕೆಗೆ ತೆರೆಯಿತು. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಗಗನಕ್ಕೇರಿತು. ಅಂತರರಾಜ್ಯ ಗಡಿಯ ಗುರುತುಗಳೇ ಅಳಿಸಿಹೋದವು; ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿ 2006ರಲ್ಲಿ ಸ್ಫೋಟಕ್ಕೆ ಉರುಳಿತು. ಗಡಿಕಲ್ಲು ಕಿತ್ತವನಿಗೆ ಎರಡು ಲಾಭ: ಆಚೆಯದನ್ನು ಈಚೆಯದೆನ್ನಬಹುದು, ಕೇಳಿದವರನ್ನು ಇನ್ನೊಂದು ರಾಜ್ಯದ ಕಚೇರಿಗೆ ಕಳಿಸಬಹುದು.

ಅದಿರಿನಂಥ ಸಂಪತ್ತು ಒಡ್ಡುವ ಈ ಬಲೆ ನಮ್ಮೊಬ್ಬರದೇ ಅಲ್ಲ; ತಪ್ಪಿಸಿಕೊಂಡವರೂ ಇದ್ದಾರೆ. ಅಶಾಂತ ನೆರೆಹೊರೆಯ ನಡುವೆ 1966ರಲ್ಲಿ ಸ್ವತಂತ್ರವಾದ ಬೋಟ್ಸ್ವಾನ, ಮರುವರ್ಷವೇ ನೆಲದೊಳಗಿನ ಸಂಪತ್ತು ಬುಡಕಟ್ಟುಗಳದಲ್ಲ, ದೇಶದ್ದು ಎಂದು ಕಾನೂನು ಮಾಡಿತು. ಅಧ್ಯಕ್ಷ ಸೆರೆಟ್ಸೆ ಖಾಮಾ ತಮ್ಮ ಬುಡಕಟ್ಟಿನ ಹಕ್ಕನ್ನೂ ಬಿಟ್ಟುಕೊಡಬೇಕಾಯಿತು. ವಜ್ರದ ದುಡ್ಡು ಹರಿದು ಬರುವ ಮೊದಲೇ ಕಾನೂನು ಬಂದಿತ್ತು. ಇಲ್ಲಿ ದುಡ್ಡು ಮೊದಲು ಬಂತು. ಮಂತ್ರಿಗಿರಿ, ಶಾಸಕರು ಎಲ್ಲ ಅದರ ಹಿಂದೆ.

ಹಾಗಾಗಿ ಕಾನೂನು ಲೆಕ್ಕದ ವೇಷದಲ್ಲಿ ಬರಬೇಕಾಯಿತು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅವರ ತನಿಖೆಯಲ್ಲಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್, ವೇಬ್ರಿಜ್, ಬಂದರಿನ ದಾಖಲೆಗಳನ್ನು ಒಂದಕ್ಕೊಂದು ತಾಳೆ ಹಾಕಿತು. ಪರ್ಮಿಟ್ ಇಲ್ಲದೆ ಹಡಗು ಹತ್ತಿದ್ದು ಸುಮಾರು 2.98 ಕೋಟಿ ಟನ್. ನಷ್ಟ 12,228 ಕೋಟಿ ರೂಪಾಯಿ. 2011ರ ಜುಲೈ 27ರಂದು ವರದಿ ಸಲ್ಲಿಕೆಯಾಯಿತು; ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ನಾಯಕತ್ವ ಬದಲಾಗಲು ದಂಗೆ ಬೇಕಾಗಲಿಲ್ಲ. ಭಾಷಣಗಳಿಂದ ಆಗದ್ದು ತೂಕದ ಚೀಟಿಗಳಿಂದ ಆಯಿತು ಎಂದರೆ ತಪ್ಪಾಗದು.

ಇತ್ತ ಅಕ್ರಮ ಗಣಿಗಾರಿಕೆಯ ವಿರುದ್ಧ ಎಸ್.ಆರ್. ಹಿರೇಮಠರ ಸಂಘಟನೆ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದೇ ಜುಲೈ 29ರಂದು ಕೋರ್ಟು ಬಳ್ಳಾರಿಯ ಗಣಿಗಳನ್ನೆಲ್ಲ ನಿಲ್ಲಿಸಿತು. ಪ್ರಾಮಾಣಿಕ ಗಣಿಯ ಕೂಲಿಗೂ, ಸಾಲ ಮಾಡಿ ಲಾರಿ ಕೊಂಡ ಸಂಡೂರಿನವನಿಗೂ ಏಟು ಬಿತ್ತು, ಇದನ್ನು ಮುಚ್ಚಿಡಬಾರದು. 2013ರ ಏಪ್ರಿಲ್ 18ರ ತೀರ್ಪು ಗುತ್ತಿಗೆಯ ಗೆರೆ ದಾಟಿ ಅಗೆದದ್ದು ಎಷ್ಟು ಎಂಬುದನ್ನು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ವರ್ಷಕ್ಕೆ ಇಷ್ಟೇ ತೆಗೆಯಬೇಕೆಂಬ ಮಿತಿಯೂ ಬಂತು.

ಶಿಕ್ಷೆಯ ವಿಷಯದಲ್ಲಿ ಮಾತ್ರ ಆಮೆನಡಿಗೆ. ಓಬಳಾಪುರಂ ಗಣಿ ಕಂಪನಿಯ ಅಕ್ರಮದ ಪ್ರಕರಣ ದಾಖಲಾದದ್ದು 2009ರಲ್ಲಿ. ಹೈದರಾಬಾದಿನ ಸಿಬಿಐ ನ್ಯಾಯಾಲಯ ಅದರ ಒಡೆಯ, ಮಾಜಿ ಮಂತ್ರಿ ಜನಾರ್ದನ ರೆಡ್ಡಿ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು; ಜೂನಿನಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಗಡಿಗೆ ಅಂಟಿಕೊಂಡ ಗಣಿಗಳಿಗೆ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟೇ: ಮೊದಲು ಗಡಿ ಗುರುತಾಗಲಿ.