ಬೇರಿನ ಗಂಟಿನ ಕಥಿ

ಹೆಸರು, ಉದ್ದು ಬೆಳೆದ ಹೊಲದಾಗ ಮುಂದಿನ ಜೋಳ ಚಲೋ ಬರ್ತದ ಅಂತ ನಮ್ಮ ಅಕ್ಕಲಕೋಟ ಸೀಮೆಯ ಹಿರಿಯರಿಗೆ ಗೊತ್ತಿತ್ತು. ಯಾಕ ಬರ್ತದ ಅನ್ನೋದು ಗೊತ್ತಿರಲಿಲ್ಲ.

ಕಾರಣ ತಿಳಿದದ್ದು ಜರ್ಮನಿಯಲ್ಲಿ. ಕಾಳಿನ ಗಿಡಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕ ಪಡೆಯುತ್ತವೆ ಎಂದು 1886ರಲ್ಲಿ ಹೆಲ್‌ರೀಗೆಲ್ ಎಂಬ ವಿಜ್ಞಾನಿ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಗಂಟಿನೊಳಗಿನ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದರು. ಮುಂದೆ ಹತ್ತು ವರ್ಷದೊಳಗ ಜರ್ಮನಿಯಲ್ಲಿ ಅದು ಮಾರಾಟಕ್ಕೂ ಬಂತು.

ಸೋಯಾ ಮೂಲತಃ ಚೀನಾ ಕಡೆಯ ಬೆಳೆ. 1960ರ ದಶಕದಲ್ಲಿ ಪಂತನಗರ, ಜಬಲಪುರಗಳಲ್ಲಿ ಅಮೆರಿಕದ ತಳಿಗಳ ಪ್ರಯೋಗ ನಡೆದ ಮೇಲೆ ನಮ್ಮ ದೇಶದಲ್ಲಿ ಹರಡಿತು. ತೊಗರಿ, ಹೆಸರಿಗೆ ಹೊಂದುವ ಜೀವಾಣು ನಮ್ಮ ಮಣ್ಣಾಗ ಮೊದಲಿಂದ ಅದಾವ. ಸೋಯಾಕ್ಕೆ ಬೇಕಾದದ್ದು ಬೇರೆ ಜಾತಿಯದು. ಹಿಮ್ಮೇಳ ಬಿಟ್ಟು ಒಬ್ಬನೇ ಬಂದ ಹಾಡುಗಾರನಂಗ ಅದರ ಪಾಡು. ಅದಕ್ಕೇ ಹೊಸ ಹೊಲದಾಗ ಬಿತ್ತುವಾಗ ಸೋಯಾದ ರೈಜೋಬಿಯಂ ಹಚ್ಚಬೇಕು.

ಮೊದಲ ವರ್ಷ ನಾನು ಪುಡಿ ಹಚ್ಚಿದ ಬೀಜ ಬಿಸಿಲಾಗ ಒಣಗಿಸಿದೆ. ಆ ಪುಡಿಯಾಗ ಜೀವ ಅದ ಅನ್ನೋ ಖಬರ ನನಗಿರಲಿಲ್ಲ. ನಲವತ್ತು ದಿನಕ್ಕ ಗಿಡ ಕಿತ್ತು ನೋಡಿದ್ರ ಬೇರು ಬರಿದು, ಎಲಿ ಹಳದಿ. ಮರುವರ್ಷ 10 ಕಿಲೋ ಬೀಜಕ್ಕ 250 ಗ್ರಾಂ ಪುಡಿ, ಆರಿದ ಬೆಲ್ಲದ ನೀರಾಗ ಕಲಸಿ ಹಚ್ಚಿ, ನೆರಳಾಗ ಆರಿಸಿ, ಅವತ್ತೇ ಬಿತ್ತಿದೆ. ಬೇರು ತುಂಬ ಗಂಟು ಬಂದವು. ಒಡೆದ್ರ ಒಳಗ ಕೆಂಪು. ಜೀವಾಣು ಕೆಲಸ ಮಾಡ್ತಾವ ಅನ್ನೋದಕ್ಕ ಅದೇ ಗುರುತು.

ಯೂರಿಯಾ ಚೀಲ ತರೋ ಮೊದಲು ಒಂದು ಗಿಡ ಕಿತ್ತು ಬೇರು ನೋಡ್ರಿ.